ಹಲ್ಲಿಗೆ ಸೊಸೆ, ಬೆನ್ನಿಗೆ ಅತ್ತೆ

ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇರಲಿ ಎಂದು ಆಸೆಪಡುವವರಿಗೆ ನನ್ನದೊಂದು ಸಲಹೆ ಇದೆ. ಮಡಿಲಲ್ಲಿ ಈಳಿಗೆ ಮಣೆ ಇಟ್ಟುಕೊಂಡು ಕೂತುಕೊಳ್ಳಿ. ಮೊಮ್ಮಗ ಮಧುವಿನ ನಿಶ್ಚಿತಾರ್ಥಕ್ಕೆಂದು ಮೊನ್ನೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟಾಗ ನಾನು ಹಾಗೇ ಕೂತಿದ್ದೆ. ನಿಂತಿದ್ದ ಜನ ನಿಂತೇ ಬಂದರು. ಕಂಡಕ್ಟರು ಕೂಡ ದೂರದಿಂದಲೇ ಕೈ ಚಾಚಿ ಟಿಕೆಟ್ ಕೊಟ್ಟ.

ರವೀಂದ್ರನಗರದ ಮನೆ ಬಾಗಿಲಲ್ಲಿ ಮಗಳು ಶಾರದಾ ನನ್ನನ್ನು ನೋಡಿ ಸಂತೋಷಪಟ್ಟಳು, ಈಳಿಗೆ ನೋಡಿ ಹಣೆ ಚಚ್ಚಿಕೊಂಡಳು. ಅಡಿಗೆಯವರು ಬರುತ್ತಾರೆ, ಮನೆ ತುಂಬ ಸ್ಟೀಲಿನ ಚಾಕುಗಳಿವೆ, ಬೀಗರು ಬರುವ ಹೊತ್ತಿಗೆ ಈ ಕರೀ ಕಬ್ಬಿಣ ಯಾಕಮ್ಮ ಎಂದಳು. ಸ್ಟೀಲಿನ ಚಾಕುವಿನಲ್ಲಿ ಬದನೆಕಾಯಿ ಹೆಚ್ಚಿದರೆ ಅದು ಕೊಯ್ದಂತೆ ಇರುವುದಿಲ್ಲ, ಬೇಡಿಕೊಂಡಂತೆ ಇರುತ್ತದೆ ಎಂದು ಹೇಳಿ ನಾನು ಅಡಿಗೆಮನೆಯ ಮೂಲೆ ಹಿಡಿದು ಕೂತೆ. ಎಣ್ಣೆಗಾಯಿಗೆ ತಂದ ಬದನೆಕಾಯಿಯ ರಾಶಿ ಮುಂದೆ ಇತ್ತು. ಒಂದನ್ನು ಕೈಗೆತ್ತಿಕೊಂಡೆ. ನುಣ್ಣಗೆ, ಮಿರಮಿರ ಮಿಂಚುವ ಆ ಬಣ್ಣ ನೋಡಿದರೆ ಇವತ್ತಿಗೂ ನನ್ನ ಬಾಯಲ್ಲಿ ನೀರು ಬರುವುದಿಲ್ಲ. ಗಂಟಲಲ್ಲಿ ಆರತಿ ಹಾಡು ಬರುತ್ತದೆ. ಅದು ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಮಗೆ ಅವಸರವಿಲ್ಲ ತಾನೆ?

ಈ ಈಳಿಗೆಯ ಅಲಗು ಒಂದು ಮುರಿದ ಗರಗಸದ ತುಂಡು. ಗರಗಸ ಮಾಡಿದವರು ನಮ್ಮನೆಯವರು. ನಾವೆಲ್ಲ ಗಂಡನ ಹೆಸರು ಹೇಳದ ಕಾಲದವರು. ಆದ್ದರಿಂದ ನೀವೂ ಅವರನ್ನು ನಮ್ಮನೆಯವರು ಎಂದೇ ತಿಳಿದುಕೊಳ್ಳಿ, ತಪ್ಪೇನಿಲ್ಲ. ಕುಂಸಿಯ ಒಕ್ಕಲು ಮನೆತನ. ಅಣ್ಣನ ಜೊತೆ ಜಗಳ ಮಾಡಿಕೊಂಡು, ನಿನ್ನ ನೇಗಿಲು ನಿನಗಿರಲಿ, ನನ್ನ ಕೈಯ ಕೆಲಸದಲ್ಲೇ ಬದುಕ್ತೀನಿ ಎಂದು ಊರ ಮುಂದೆ ಸಾರಿ, ತಾಯಿಯನ್ನು ಕರೆದುಕೊಂಡು ಭದ್ರಾವತಿಗೆ ಬಂದಿದ್ದರು. ಆಡಿದ ಮೇಲೆ ಮುಗಿಯಿತು. ಊರ ಮುಂದೆ ಆಡಿದ ಮಾತನ್ನು ವಾಪಸ್ಸು ತೆಗೆದುಕೊಳ್ಳುವುದಕ್ಕಿಂತ ಎತ್ತಿನ ಬಾಯಿಂದ ಹುಲ್ಲು ಕಿತ್ತುಕೊಳ್ಳುವುದು ಸುಲಭ.

ಆಗ ಯುದ್ಧ ನಡೆಯುತ್ತಿತ್ತು. ಸೀಮೆ ಗರಗಸಗಳು ಹಡಗಿನಲ್ಲಿ ಬರುವುದು ನಿಂತು ಶಿವಮೊಗ್ಗದ ಮರದ ಡಿಪೋಗಳಲ್ಲಿ ದಿಮ್ಮಿಗಳು ಕೊಯ್ಯುವವರಿಲ್ಲದೆ ಬಿದ್ದಿದ್ದವು. ಬಸ್ಸುಗಳೇ ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದ ಕಾಲ ಅದು. ಏರು ಬಂದರೆ ಡ್ರೈವರು ಇಳಿದು ಒಲೆ ಊದುತ್ತಿದ್ದ, ನಾವು ಇಳಿದು ಬಸ್ಸು ನೂಕುತ್ತಿದ್ದೆವು. ಅಂಥ ಕಾಲದಲ್ಲಿ ಮೊದಲಿಯಾರ್ ಎಂಬ ಧೈರ್ಯವಂತರು ಭದ್ರಾವತಿಯಲ್ಲಿ ಒಂದು ತಗಡಿನ ಷೆಡ್ಡು ಹಾಕಿ, ನಾವೇ ಗರಗಸ ಮಾಡೋಣ ಎಂದು ಹೊರಟರು. ನಮ್ಮನೆಯವರು ಅಲ್ಲಿ ಕೆಲಸಕ್ಕೆ ಸೇರಿಕೊಂಡರು.

ಗರಗಸ ಮಾಡುವುದರಲ್ಲಿ ಏನು ಮಹಾ, ತಗಡಿಗೆ ಹಲ್ಲು ಕೊರೆದರಾಯಿತು ಎಂದು ನಾನೂ ತಿಳಿದಿದ್ದೆ. ಅದು ಹಾಗಲ್ಲ. ಉಕ್ಕಿನ ಪಟ್ಟಿಯನ್ನು ಕೆಂಪಗೆ ಕಾಯಿಸಿ ಹೊಂಗೆ ಎಣ್ಣೆಗೆ ಅದ್ದಿದರೆ ಅದು ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಗಟ್ಟಿ ಏನೋ ಹೌದು, ಆದರೆ ಸ್ವಲ್ಪ ಬಗ್ಗಿಸಿದರೆ ಪಟ್ಟೆಂದು ಮುರಿಯುತ್ತದೆ. ಮೆತ್ತಗೆ ಮಾಡಿದರೆ ಮುರಿಯುವುದಿಲ್ಲ, ಆದರೆ ಹಲ್ಲುಗಳು ಮಳೆಗಾಲದ ಹಪ್ಪಳದ ಹಾಗೆ ಬಾಗಿ ಕೂರುತ್ತವೆ. ಗರಗಸಕ್ಕೆ ಎರಡೂ ಬೇಕು. ಹಲ್ಲು ಗಟ್ಟಿ ಇರಬೇಕು, ಬೆನ್ನು ಬಾಗಬೇಕು. ಒಂದೇ ತಗಡು, ಎರಡು ಸ್ವಭಾವ.

ಅದಕ್ಕೆ ಉಪಾಯ ಇದೆ. ಗಟ್ಟಿಯಾದ ಗರಗಸವನ್ನು ಮರಳಲ್ಲಿ ತಿಕ್ಕಿ ಬೆಳ್ಳಗೆ ಮಾಡಿ, ಅದರ ಬೆನ್ನನ್ನು ಮಾತ್ರ ಕಾದ ಕಬ್ಬಿಣದ ಸಲಾಕೆಯ ಮೇಲೆ ಇಡುತ್ತಾರೆ. ಬಿಸಿ ಬೆನ್ನಿನಿಂದ ಹಲ್ಲಿನ ಕಡೆಗೆ ಹರಿಯುತ್ತಾ ಬರುತ್ತದೆ. ಬಿಸಿಯ ಜೊತೆ ಬಣ್ಣಗಳೂ ಸಾಲಾಗಿ ನಡೆದು ಬರುತ್ತವೆ. ಮೊದಲು ಒಣಹುಲ್ಲಿನ ಬಣ್ಣ, ಅದರ ಹಿಂದೆ ಬೆಲ್ಲದ ಬಣ್ಣ, ಅದರ ಹಿಂದೆ ಬದನೆಕಾಯಿ ಬಣ್ಣ, ಕೊನೆಗೆ ನೀಲಿ. ಬೆನ್ನು ನೀಲಿಯಾಗಿ, ಬದನೆಕಾಯಿ ಬಣ್ಣ ಹಲ್ಲಿನ ತುದಿ ಮುಟ್ಟಿದ ಗಳಿಗೆಗೆ ಸರಿಯಾಗಿ ನೀರಿಗೆ ಅದ್ದಿಬಿಡಬೇಕು. ಮೊದಲೇ ಅದ್ದಿದರೆ ಹಲ್ಲು ಮುರಿಯುತ್ತದೆ. ತಡವಾದರೆ ನೀಲಿ ಹಲ್ಲಿಗೂ ಬಂದು ಬಾಗುತ್ತದೆ. ಎಲ್ಲವೂ ಕಣ್ಣಿನ ಮೇಲೆ ನಿಂತ ಕೆಲಸ.

ಮದುವೆಯಾಗಿ ನಾನು ಆ ಮನೆಗೆ ಬಂದ ಹೊಸತರಲ್ಲಿ ನಮ್ಮನೆಯವರ ಗರಗಸಗಳು ಸರಿಯಾಗಿ ಬರುತ್ತಿರಲಿಲ್ಲ. ಷೆಡ್ಡಿನಲ್ಲಿ ಬೆಳಕು ಜಾಸ್ತಿ, ಬಣ್ಣ ತಿಳಿಯುವುದಿಲ್ಲ ಎಂದು ಮೊದಲಿಯಾರರಿಗೆ ಸಮಜಾಯಿಷಿ ಹೇಳಿ ಅವರು ಒಂದಷ್ಟು ಗರಗಸಗಳನ್ನು ಮನೆಗೆ ಹೊತ್ತು ತಂದರು. ನಮ್ಮ ಮನೆಯಲ್ಲಿ ಹಗಲೂ ಕತ್ತಲೆಯಿರುವ ಜಾಗವೆಂದರೆ ಬಚ್ಚಲುಮನೆ. ಹಂಡೆ ಒಲೆಯ ಪಕ್ಕ ಇಟ್ಟಿಗೆ ಜೋಡಿಸಿ, ಇದ್ದಿಲು ಸುರಿದು, ಸಲಾಕೆ ಕಾಯಿಸಿ ಕೂತರು. ನಾನು ನೀರಿಗೆಂದು ತಂಬಿಗೆ ಹಿಡಿದು ಒಳಗೆ ಹೋದಾಗ ಆ ಬೆಳ್ಳನೆಯ ಉಕ್ಕಿನ ಮೇಲೆ ಬಣ್ಣಗಳು ಓಡುತ್ತಿದ್ದವು. ಜನ್ಮದಲ್ಲಿ ಅಂಥದ್ದು ನೋಡಿರಲಿಲ್ಲ. ಅಯ್ಯೋ ನೋಡಿ, ನನ್ನ ನಿಶ್ಚಿತಾರ್ಥದ ಸೀರೆಯ ಬಣ್ಣ ಬಂತು ಎಂದುಬಿಟ್ಟೆ. ಅವರು ಬೆಚ್ಚಿಬಿದ್ದು ಎಲ್ಲಿ ಎಂದರು. ಹಲ್ಲಿನ ಹತ್ತಿರ ಎಂದೆ. ಕೂಡಲೇ ಗರಗಸವನ್ನು ತೊಟ್ಟಿಗೆ ಅದ್ದಿದರು.

ಆ ಗರಗಸವನ್ನು ಷೆಡ್ಡಿನಲ್ಲಿ ಬಳೆಯ ಹಾಗೆ ಬಗ್ಗಿಸಿ ಬಿಟ್ಟರಂತೆ, ಟಂಯ್ ಎಂದು ನೆಟ್ಟಗಾಯಿತಂತೆ. ಹಲ್ಲು ಒಂದೂ ಮುರಿಯಲಿಲ್ಲ. ಮಾರನೆಯ ದಿನ ಅವರು ಇನ್ನೊಂದು ಗರಗಸ ತಂದು, ಸ್ವಲ್ಪ ಬಾ, ಆ ಸೀರೆ ಬಂದಾಗ ಹೇಳು ಎಂದರು. ಹೊಸ ಮದುವಣಗಿತ್ತಿಯನ್ನು ಗಂಡ ಕತ್ತಲ ಬಚ್ಚಲಿಗೆ ಕರೆದರೆ ಅತ್ತೆ ಏನು ತಿಳಿದುಕೊಂಡಾರು ಎಂದು ನನಗೆ ನಾಚಿಕೆ. ಅತ್ತೆ ಹೊರಗೆ ಕೂತು, ಏನಾದರೂ ಮಾಡಿಕೊಳ್ಳಿ, ನನ್ನ ಸ್ನಾನದ ನೀರು ಮಾತ್ರ ಆರದಿರಲಿ ಎಂದು ಕೂಗಿದರು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮನುಷ್ಯರಿಗಿಂತ ಮೊದಲು ಗರಗಸಗಳಿಗೆ ಸ್ನಾನವಾಗುತ್ತಿತ್ತು. ಬೆಳಿಗ್ಗೆ ಎದ್ದರೆ ಅತ್ತೆ ಟವೆಲು ಹೆಗಲ ಮೇಲೆ ಹಾಕಿಕೊಂಡು, ಇವತ್ತು ಎಷ್ಟು ಜನ ಬಂದಿದ್ದಾರೆ ಎಂದು ಗರಗಸಗಳ ಲೆಕ್ಕ ಕೇಳುತ್ತಿದ್ದರು. ಪಕ್ಕದ ಮನೆಯ ತಮಿಳು ಹೆಂಗಸಿಗೆ ಇದು ಕುಂಸಿ ಕಡೆಯ ಯಾವುದೋ ವ್ರತ ಇರಬೇಕೆಂದು ಅನುಮಾನ. ನಿಮ್ಮೂರಿನ ಪದ್ಧತಿಯಾ ಎಂದು ಒಂದು ದಿನ ಕೇಳಿಯೇಬಿಟ್ಟಳು. ಅತ್ತೆಗೆ ವಿವರಿಸುವ ತಾಳ್ಮೆ ಇರಲಿಲ್ಲ, ಹೂಂ ಎಂದರು. ಮುಂದಿನ ಶುಕ್ರವಾರ ಆಕೆ ಗಂಡನ ಗುದ್ದಲಿಗೆ ಹರಳೆಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು. ಗುದ್ದಲಿಗೆ ಏನೂ ಆಗಲಿಲ್ಲ, ಅವಳ ಗಂಡನಿಗೆ ಪ್ರಮೋಷನ್ ಆಯಿತು. ಆಮೇಲೆ ಆ ಬೀದಿಯಲ್ಲಿ ಅಭ್ಯಂಜನವಾಗದ ಕಬ್ಬಿಣದ ಸಾಮಾನೇ ಉಳಿಯಲಿಲ್ಲ.

ಹಲ್ಲಿನ ಬಣ್ಣಕ್ಕೆ ಬದನೆಕಾಯಿ ಬಣ್ಣದ ನನ್ನ ನಿಶ್ಚಿತಾರ್ಥದ ಸೀರೆ ಸಿಕ್ಕಿತು, ಸರಿ. ಬೆನ್ನಿನ ನೀಲಿಗೂ ಒಂದು ಗುರುತು ಬೇಕಲ್ಲ? ಅತ್ತೆಯ ಹತ್ತಿರ ಒಂದು ನೀಲಿ ಸೀರೆ ಇತ್ತು. ಅದು ಅಚ್ಚುಕಟ್ಟಾಗಿ ಹೊಂದಿತು. ನಾನು ಒಳಗಿನಿಂದ, ಬೆನ್ನಿಗೆ ಅತ್ತೆ ಬಂದರು, ಹಲ್ಲಿಗೆ ನಾನು ಬರ್ತಾ ಇದೀನಿ, ಬಂದೆ, ಬಂದೆ, ಅದ್ದಿ ಎಂದು ಕೂಗಿ ಹೇಳುತ್ತಿದ್ದೆ. ನಮ್ಮನೆಯವರು ಇದೇ ಭಾಷೆಯನ್ನು ಷೆಡ್ಡಿಗೆ ಒಯ್ದರು. ಅಲ್ಲಿ ಮೀಸೆ ಹೊತ್ತ ಗಂಡಸರೆಲ್ಲ, ಹಲ್ಲಿಗೆ ಸೊಸೆ, ಬೆನ್ನಿಗೆ ಅತ್ತೆ ಎಂದು ಪಾಠ ಒಪ್ಪಿಸತೊಡಗಿದರು. ಗಟ್ಟಿಯಾದದ್ದು ಸೊಸೆ, ಬಾಗುವುದು ಅತ್ತೆ. ಲೋಕದಲ್ಲಿ ಎಲ್ಲಿಯೂ ಇಲ್ಲದ ನ್ಯಾಯ ಗರಗಸದಲ್ಲಾದರೂ ಇದೆಯಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಅತ್ತೆಗೆ ಈ ಮಾತು ಕಿವಿಗೆ ಬಿದ್ದಾಗ, ಅದಕ್ಕೇ ಗರಗಸ ಯಾವಾಗ್ಲೂ ಕಿರ್ ಅನ್ನುತ್ತೆ ಎಂದರು.

ಕೆಲವು ತಿಂಗಳು ಕಳೆದ ಮೇಲೆ ನನಗೊಂದು ವಿಷಯ ಹೊಳೆಯಿತು. ನಮ್ಮನೆಯವರು ಯಾವತ್ತೂ, ಬದನೆಕಾಯಿ ಬಣ್ಣ ಬಂತಲ್ಲ ಎಂದು ತಾವಾಗಿ ಹೇಳಿದ್ದಿಲ್ಲ. ಎಲ್ಲಿಗೆ ಬಂತು ಎಂದಷ್ಟೇ ಕೇಳುತ್ತಿದ್ದರು. ಕಣ್ಣು ಗರಗಸದ ಮೇಲೇ ಇರುತ್ತಿತ್ತು, ಆದರೆ ಅದು ಓದಲು ಬಾರದ ಲಿಪಿಯನ್ನು ನೋಡುವವರ ಕಣ್ಣು. ನನಗೆ ಕುತೂಹಲ ತಡೆಯಲಾಗಲಿಲ್ಲ. ಒಂದು ದಿನ ಕಡುಹಸಿರು ಸೀರೆ ಉಟ್ಟು ಅವರ ಮುಂದೆ ನಿಂತು, ಈ ಸೀರೆ ಹೇಗಿದೆ ಎಂದೆ. ಚೆನ್ನಾಗಿದೆ ಎಂದರು. ಈ ಕೆಂಪು ನನಗೆ ಒಪ್ಪುತ್ತಾ ಎಂದೆ. ತಲೆಯಿಂದ ಕಾಲಿನವರೆಗೆ ಪ್ರೀತಿಯಿಂದ ನೋಡಿ, ಕೆಂಪು ನಿಂಗೆ ಯಾವತ್ತೂ ಒಪ್ಪುತ್ತೆ ಕಣೆ ಎಂದರು.

ಮೊದಲು ನಗು ಬಂತು. ಹಂಡೆಯ ಹಿಂದೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಹೊರಗೆ ಬಂದಾಗ ಅವರು ಸ್ನಾನದ ಕಲ್ಲಿನ ಮೇಲೆ ಕೂತಿದ್ದರು. ಮುಖ ನೋಡಿ ನನ್ನ ನಗು ಒಣಗಿಹೋಯಿತು. ಕೆಲವು ಬಣ್ಣಗಳು ಅವರಿಗೆ ಹಿಡಿಯುತ್ತಲೇ ಇರಲಿಲ್ಲ. ಅದರಲ್ಲೂ ಬದನೆಕಾಯಿಗೂ ನೀಲಿಗೂ ಏನು ವ್ಯತ್ಯಾಸ ಎಂಬುದೇ ಹುಟ್ಟಿದಾಗಿನಿಂದ ಗೊತ್ತಿರಲಿಲ್ಲ. ಈಗ ಕಣ್ಣಿನ ಡಾಕ್ಟರುಗಳು ಇದಕ್ಕೆ ಏನೋ ಹೆಸರು ಹೇಳುತ್ತಾರೆ. ಆಗ ಹೆಸರಿಲ್ಲದ್ದರಿಂದ ಅದು ಒಂದು ದೊಡ್ಡ ತಪ್ಪು ಎಂಬಂತೆ ಅವರು ಬಚ್ಚಿಟ್ಟುಕೊಂಡಿದ್ದರು. ಎಂಥ ಕೆಲಸ ಹುಡುಕಿಕೊಂಡಿದ್ದಾರೆ ನೋಡಿ ಮಹಾರಾಯರು. ಊರಲ್ಲಿ ಬೇರೆ ಕೆಲಸ ಇರಲಿಲ್ಲವೇ? ಹಲ್ಲಿಗೂ ಬೆನ್ನಿಗೂ ಇರುವ ಭೇದವನ್ನು ಬಣ್ಣದಿಂದಲೇ ಹಿಡಿಯಬೇಕಾದ ಕಸುಬು, ಹಿಡಿಯುವವರಿಗೆ ಎರಡೂ ಒಂದೇ.

"ಮೊದಲಿಯಾರ್‌ಗೆ ಗೊತ್ತಾದ್ರೆ ನಾಳೆನೇ ಕುಂಸಿ ಬಸ್ ಹತ್ಬೇಕು ಮಾರಾಯ್ತಿ" ಎಂದರು. "ಅಣ್ಣ ನೇಗಿಲು ಕೊಡ್ತಾನೆ. ಅದ್ರ ಜೊತೆ ಜೀವನಪೂರ್ತಿ ಚುಚ್ಚುಮಾತೂ ಕೊಡ್ತಾನೆ. ಇನ್ನೊಂದು, ಅಮ್ಮಂಗೆ ಹೇಳ್ಬೇಡ. ಅವ್ಳಿಗೆ ಗೊತ್ತಿಲ್ಲ, ನೊಂದ್ಕೊತಾಳೆ."

ನಾನು ಹೇಳಲಿಲ್ಲ. ನನಗೆ ಅವರ ಮೇಲೆ ಅಂಥ ಪ್ರೀತಿ ಹುಟ್ಟಿದ್ದು ಆವತ್ತೇ ಎಂದು ಈಗ ಅನ್ನಿಸುತ್ತದೆ. ಅದಕ್ಕೆ ಮುಂಚೆ ಇದ್ದದ್ದು ಬರೀ ಮದುವೆ. ನನ್ನ ಗಂಡ ಊರ ಮುಂದೆ ತಲೆ ತಗ್ಗಿಸಿ ಕುಂಸಿ ಬಸ್ಸು ಹತ್ತಬಾರದು, ಅಷ್ಟೆ. ಅದಕ್ಕಾಗಿ ಆಯುಷ್ಯವೆಲ್ಲ ಬಚ್ಚಲಲ್ಲಿ ಕೂತು ಕೂಗುವುದಾದರೂ ಸರಿ ಎಂದು ನಿಶ್ಚಯ ಮಾಡಿದೆ.

ಆದರೆ ಒಳ್ಳೆಯ ಕೆಲಸಕ್ಕೇ ವಿಘ್ನ ಹೆಚ್ಚು. ಗರಗಸಗಳು ಚೆನ್ನಾಗಿ ಬಂದಷ್ಟೂ ಗಿರಾಕಿಗಳು ಹೆಚ್ಚಿದರು. ಗಿರಾಕಿಗಳು ಹೆಚ್ಚಿದಷ್ಟೂ ಮೊದಲಿಯಾರರಿಗೆ ಕಾರ್ಖಾನೆಯ ಹೃದಯ ನಮ್ಮ ಬಚ್ಚಲಲ್ಲಿದೆ ಎಂಬ ವಿಚಾರ ಮುಜುಗರ ತರತೊಡಗಿತು. ಅವರು ಹೊಸ ಷೆಡ್ಡು ಕಟ್ಟಿಸಿದರು. ಅದರಲ್ಲಿ ಬಚ್ಚಲಿಗಿಂತ ಕತ್ತಲೆಯಾದ ಒಂದು ಮೂಲೆ, ಹೊಸ ಒಲೆ, ಹೊಸ ತೊಟ್ಟಿ. ನಮ್ಮನೆಯವರನ್ನು ಕರೆದು ಬೆನ್ನು ತಟ್ಟಿ, ಇನ್ನು ನಿಮ್ಮ ಮನೆಯವರು ನೆಮ್ಮದಿಯಾಗಿ ಸ್ನಾನ ಮಾಡಲಿ ಎಂದರು. ಷೆಡ್ಡಿನ ಪೂಜೆಯ ದಿನ ಅಮಲ್ದಾರರು ಬರುತ್ತಾರೆ, ಶಿವಮೊಗ್ಗದ ಡಿಪೋ ಸಾಹುಕಾರರು ಬರುತ್ತಾರೆ. ಎಲ್ಲರ ಎದುರಿಗೆ ನಮ್ಮನೆಯವರು ಮೊದಲನೆಯ ಗರಗಸಕ್ಕೆ ಹದ ಕೊಡಬೇಕು. ಅದು ಗೆದ್ದರೆ ಅವರೇ ಮೇಸ್ತ್ರಿ.

ಅಷ್ಟಕ್ಕೇ ನಿಲ್ಲಲಿಲ್ಲ. ಬಣ್ಣದ ಗುರುತಿಗೆ ಎರಡು ಸೀರೆಗಳನ್ನೂ ಷೆಡ್ಡಿಗೆ ಕೊಡಬೇಕು, ಗಾಜಿನ ಕಟ್ಟು ಹಾಕಿಸಿ ದೇವರ ಪಟಗಳ ಪಕ್ಕ ತೂಗುಹಾಕುತ್ತೇವೆ ಎಂದು ಮೊದಲಿಯಾರರು ಖುದ್ದು ಮನೆಗೆ ಬಂದು ಕೇಳಿದರು. ನಾನು ಅಡಿಗೆಮನೆಯಿಂದಲೇ ಆಗುವುದಿಲ್ಲ ಎಂದೆ. ನಿಶ್ಚಿತಾರ್ಥದ ಸೀರೆಯನ್ನು ಗೋಡೆಗೆ ನೇತುಹಾಕಿದವರು ಲೋಕದಲ್ಲಿ ಯಾರಿದ್ದಾರೆ? ಅತ್ತೆ ಮಾತ್ರ ಒಳಗೆ ಹೋಗಿ, ತಮ್ಮ ನೀಲಿ ಸೀರೆಯ ಸೆರಗಿನ ಕಡೆಯಿಂದ ಒಂದು ತುಂಡನ್ನು ಪರ್ರನೆ ಹರಿದು ತಂದು ಕೊಟ್ಟರು. ಸೊಸೆ ಕೊಡಲ್ಲ, ಅದು ಹಲ್ಲು ಎಂದರು. ಮೊದಲಿಯಾರರು ಆ ತುಂಡಿಗೆ ಕೈ ಮುಗಿದು ತೆಗೆದುಕೊಂಡು ಹೋದರು.

ಸೀರೆ ತೂಗುಹಾಕಿದರೂ ಅಷ್ಟೆ, ಬಿಟ್ಟರೂ ಅಷ್ಟೆ, ನಮ್ಮನೆಯವರಿಗೆ ಏನು ಪ್ರಯೋಜನ? ಇಬ್ಬರೂ ಊಟ ಬಿಟ್ಟು ಯೋಚಿಸಿದೆವು. ಕೊನೆಗೆ ದಾರಿ ಹೊಳೆದದ್ದು ನನಗೆ. ಪೂಜೆ ಎಂದ ಮೇಲೆ ಹೆಂಗಸರು ಇರುತ್ತಾರೆ, ಆರತಿ ಇರುತ್ತದೆ, ಆರತಿಗೆ ಹಾಡು ಇರುತ್ತದೆ. ಗರಗಸದ ಹಲ್ಲಿಗೆ ಬಣ್ಣ ಮುಟ್ಟಿದ ಗಳಿಗೆಗೆ ನಾನು ಆರತಿ ಹಾಡು ಶುರುಮಾಡುವುದು, ಅವರು ಕೇಳಿದ ಕೂಡಲೇ ಅದ್ದುವುದು. ನೋಡುವವರಿಗೆ ಶುಭಗಳಿಗೆಯ ಹಾಡು, ನಮಗೆ ಬಚ್ಚಲ ಕೂಗು. ತಾಳಿಗೆ ಗಟ್ಟಿಮೇಳ ಇರುವ ಹಾಗೆ ಗರಗಸಕ್ಕೂ ಒಂದು ಇರಲಿ ಎಂದೆ. ಅವರು ಬಹಳ ದಿನಗಳ ಮೇಲೆ ನಕ್ಕರು.

ಒಂದೇ ಭಯ ಅತ್ತೆಯದು. ಅತ್ತೆಗೆ ಹಸಿವು ತಡೆಯದು. ಆರತಿಯಾದ ಮೇಲೆ ಊಟ ಎಂಬ ನಿಯಮ ಇರುವುದರಿಂದ, ಹೊಟ್ಟೆ ಹಸಿದಾಗ ಆರತಿ ಹಾಡನ್ನೇ ಮೊದಲು ಎತ್ತಿಕೊಳ್ಳುವುದು ಅವರ ರೂಢಿ. ಕುಂಸಿಯ ಒಂದು ಮದುವೆಯಲ್ಲಿ ತಾಳಿ ಕಟ್ಟುವ ಮುಂಚೆಯೇ ಹಾಡು ತೆಗೆದು, ಓಲಗದವರು ಗಲಿಬಿಲಿಯಾಗಿ ಬಾರಿಸಿ, ಹೆದರಿದ ಮದುಮಗ ಅವಸರದಲ್ಲಿ ತಾಳಿಯನ್ನು ಹೆಣ್ಣಿನ ಕೈಗೆ ಕೊಟ್ಟುಬಿಟ್ಟಿದ್ದನಂತೆ. ಷೆಡ್ಡಿನ ಪೂಜೆಯ ದಿನ ನಾನು ಬೆಳಿಗ್ಗೆಯೇ ಅವರಿಗೆ ಒತ್ತಾಯ ಮಾಡಿ ಉಪ್ಪಿಟ್ಟು ತಿನ್ನಿಸಲು ಹೋದೆ. ಪೂಜೆಯ ದಿನ ಉಪವಾಸ ಎಂದುಬಿಟ್ಟರು.

ಹೊಸ ಷೆಡ್ಡಿನ ತುಂಬ ಜನ. ಗೋಡೆಯ ಮೇಲೆ ಲಕ್ಷ್ಮಿ, ಸರಸ್ವತಿ, ಸುಬ್ರಹ್ಮಣ್ಯ, ಪಕ್ಕದಲ್ಲಿ ಗಾಜಿನ ಕಟ್ಟಿನೊಳಗೆ ಅತ್ತೆಯ ಸೀರೆಯ ತುಂಡು. ನಾಲ್ಕಕ್ಕೂ ಒಂದೇ ಅಳತೆಯ ಹಾರ ಹಾಕಿದ್ದರು. ಡಿಪೋ ಸಾಹುಕಾರರೊಬ್ಬರು ಎಲ್ಲಕ್ಕೂ ಕೈ ಮುಗಿಯುತ್ತಾ ಬಂದು, ಸೀರೆಗೂ ಭಕ್ತಿಯಿಂದ ಮುಗಿದು ಮುಂದೆ ಹೋದರು. ಅತ್ತೆ ಅದನ್ನು ನೋಡಿ ಸೆರಗು ಸರಿಮಾಡಿಕೊಂಡರು. ಹಿರಿಯರೆಂದು ಅವರನ್ನು ಮುಂದಿನ ಸಾಲಿನಲ್ಲಿ ಒಲೆಯ ಹತ್ತಿರ ಕೂರಿಸಿದರು. ನಾನು ಹಿಂದಿನ ಸಾಲು. ನನ್ನ ಮೈಮೇಲೆ ಅದೇ ನಿಶ್ಚಿತಾರ್ಥದ ಸೀರೆ, ಕೈಯಲ್ಲಿ ಆರತಿ ತಟ್ಟೆ, ಕಣ್ಣು ಗರಗಸದ ಮೇಲೆ.

ನಮ್ಮನೆಯವರು ಗರಗಸದ ಬೆನ್ನನ್ನು ಸಲಾಕೆಯ ಮೇಲಿಟ್ಟರು. ಒಣಹುಲ್ಲಿನ ಬಣ್ಣ ಹೊರಟದ್ದನ್ನು ನೋಡಿದೆ. ಅದರ ಹಿಂದೆ ಬೆಲ್ಲ ಬಂತು. ಅಷ್ಟರಲ್ಲಿ ಅಮಲ್ದಾರರಿಗೆ ಇದು ಸರಿಯಾಗಿ ಕಾಣಿಸುತ್ತಿಲ್ಲವೆಂದು ಅನ್ನಿಸಿತು. ಕುರ್ಚಿಯಿಂದ ಎದ್ದು ಬಂದು ನನಗೂ ಒಲೆಗೂ ನಡುವೆ ನಿಂತರು. ಅವರದು ಅಗಲವಾದ ಬೆನ್ನು, ಬಿಳೀ ಕೋಟು, ಮೇಲೆ ರುಮಾಲು. ನಾನು ಎಡಕ್ಕೆ ಬಾಗಿದೆ, ಅವರೂ ಎಡಕ್ಕೆ ಬಾಗಿದರು. ಬಲಕ್ಕೆ ಬಾಗಿದೆ, ಅವರೂ ಬಲಕ್ಕೆ. ಸರ್ಕಾರದ ಬೆನ್ನಿನಾಚೆ ಏನು ನಡೆಯುತ್ತಿದೆ ಎಂದು ತಿಳಿಯುವುದು ಹೇಗೆ? ಅವರ ಕಂಕುಳ ಸಂದಿಯಿಂದ ನಮ್ಮನೆಯವರ ಮುಖ ಮಾತ್ರ ಕಾಣುತ್ತಿತ್ತು. ಹಣೆಯ ಮೇಲೆ ಬೆವರು, ಕಿವಿ ನನ್ನ ಕಡೆಗೆ. ನನ್ನ ಹಾಡಿಗೆ ಕಾಯುತ್ತಿದ್ದರು. ನನಗೆ ಏನೂ ಕಾಣದು, ಹಾಡಲೂ ಆಗದು, ಸುಮ್ಮನಿರಲೂ ಆಗದು. ಕುಂಸಿ ಬಸ್ಸಿನ ಇದ್ದಿಲ ಹೊಗೆ ಆಗಲೇ ನನ್ನ ಮೂಗಿಗೆ ಬಂದಿತ್ತು.

ಆಗ ಮುಂದಿನ ಸಾಲಿನಿಂದ ಅತ್ತೆಯ ಒಡಕು ದನಿಯಲ್ಲಿ ಆರತಿ ಹಾಡು ಎದ್ದಿತು.

ಮುಗಿಯಿತು, ಹಸಿವಾಯಿತು ಇವರಿಗೆ ಎಂದುಕೊಂಡೆ. ನಮ್ಮನೆಯವರು ತಲೆಯೆತ್ತಿದರು. ಇದು ನನ್ನ ದನಿಯಲ್ಲ ಎಂಬುದು ಅವರಿಗೆ ಗೊತ್ತು. ತಾಯಿಯ ಹಸಿವೂ ಗೊತ್ತು. ತಾಯಿಯ ಮುಖ ನೋಡಿದರು. ಅತ್ತೆ ಕಣ್ಣು ಬಿಟ್ಟುಕೊಂಡು ಮಗನನ್ನೇ ನೋಡುತ್ತಾ, ದನಿಯನ್ನು ಇನ್ನೂ ಏರಿಸಿದರು. ನಮ್ಮನೆಯವರು ಗರಗಸವನ್ನು ಎತ್ತಿ ತೊಟ್ಟಿಗೆ ಅದ್ದಿದರು. ಸುಂಯ್ ಎಂದು ಹಬೆ ಎದ್ದಿತು. ಓಲಗದವರು ಏನೋ ಆಯಿತೆಂದು ಬಾರಿಸಿದರು. ನಾನು ಅಮಲ್ದಾರರ ಬೆನ್ನಿಗೇ ಆರತಿ ಎತ್ತಿದೆ.

ಮೊದಲಿಯಾರರು ಗರಗಸವನ್ನು ಒರೆಸಿ, ಎರಡೂ ತುದಿ ಹಿಡಿದು ಬಗ್ಗಿಸಿದರು. ತುದಿಗೆ ತುದಿ ಕೂಡಿತು. ಬಿಟ್ಟಾಗ ಟಂಯ್ ಎಂದು ನೆಟ್ಟಗೆ ನಿಂತಿತು. ಹಲ್ಲುಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಅತ್ತಿತ್ತ ಬಾಗಿಸಿದರು. ನಾನು ಪ್ರತಿ ಹಲ್ಲಿಗೂ ಒಂದು ದೇವರನ್ನು ನೆನೆದೆ. ಒಂದೂ ಮುರಿಯಲಿಲ್ಲ, ಒಂದೂ ಮೆತ್ತಗಾಗಲಿಲ್ಲ. ಸಾಗುವಾನಿ ತುಂಡೊಂದನ್ನು ಕೊಯ್ದು ತೋರಿಸಿದಾಗ ಸಾಹುಕಾರರೆಲ್ಲ ಭೇಷ್ ಎಂದರು. ಅಮಲ್ದಾರರು ಗಾಜಿನ ಕಟ್ಟಿನ ಮುಂದೆ ನಿಂತು, ಇದು ಯಾವ ದೇವರು ಎಂದು ಕೇಳಿದರಂತೆ. ಬೆನ್ನಿನ ದೇವರು ಸ್ವಾಮಿ ಎಂದರಂತೆ ಯಾರೋ.

ನಮ್ಮನೆಯವರು ಮೇಸ್ತ್ರಿಯಾದರು. ಆಮೇಲೆ ಷೆಡ್ಡಿನಲ್ಲಿ ಹೇಗೆ ನಡೆಯಿತು ಎಂದು ನೀವು ಕೇಳುತ್ತೀರಿ. ಬಹಳ ಚೆನ್ನಾಗಿ ನಡೆಯಿತು. ಕೆಲಸಗಾರನಿಗೆ ಬಣ್ಣ ಕಾಣಬೇಕು, ಮೇಸ್ತ್ರಿಗೆ ಕೇಳಿದರೆ ಸಾಕು. ಅವರು ಹಿಂದೆ ಕೈಕಟ್ಟಿಕೊಂಡು ನಿಂತು, ಎಲ್ಲಿಗೆ ಬಂತು ಎಂದು ಗದರುತ್ತಿದ್ದರು. ಹುಡುಗರು ಪರೀಕ್ಷೆಗೆ ನಿಂತವರಂತೆ, ಬೆನ್ನಿಗೆ ಅತ್ತೆ ಬಂದರು ಮೇಸ್ತ್ರಿ, ಹಲ್ಲಿಗೆ ಸೊಸೆ ಬರ್ತಾ ಇದಾಳೆ ಎಂದು ಹೇಳುತ್ತಿದ್ದರು. ಅಂಥ ಕಟ್ಟುನಿಟ್ಟಿನ ಮೇಸ್ತ್ರಿ ಇನ್ನೊಬ್ಬರಿಲ್ಲ ಎಂದು ಹೆಸರಾಯಿತು. ಕೆಲಸ ಬಿಡುವವರೆಗೂ ಒಬ್ಬರಿಗೂ ವಿಷಯ ತಿಳಿಯಲಿಲ್ಲ. ಕುಂಸಿಯ ಭಾವನವರೇ ಒಂದು ದಿನ ಬಂದು, ತಮ್ಮಾ, ಒಂದು ಗರಗಸ ಬೇಕಾಗಿತ್ತು ಎಂದು ಬಾಗಿಲಲ್ಲಿ ನಿಂತರು.

ಆದರೆ ನಾನು ಹೇಳಬೇಕಾದದ್ದು ಪೂಜೆಯ ದಿನ ಮಧ್ಯಾಹ್ನದ ಊಟದ ವಿಷಯ. ಅತ್ತೆಯೂ ನಾನೂ ಪಕ್ಕ ಪಕ್ಕ ಎಲೆಗೆ ಕೂತಿದ್ದೆವು. ಅತ್ತೆ ಪಾಯಸವನ್ನು ಎರಡನೆಯ ಸಲ ಹಾಕಿಸಿಕೊಂಡರು. ನಾನು ಮೊದಲನೆಯದನ್ನೇ ಬೆರಳಲ್ಲಿ ಕಲಸುತ್ತಿದ್ದೆ. ಅಷ್ಟು ಸರಿಯಾಗಿ ಅದೇ ಗಳಿಗೆಗೆ ಇವರಿಗೆ ಹಸಿವಾದದ್ದು ದೇವರ ದಯೆಯೋ, ಏನೋ? ಕೇಳಲು ಧೈರ್ಯವಿಲ್ಲ. ಕೇಳಿದರೆ ಅವರ ಮಗನ ಗುಟ್ಟು ಹೊರಬೀಳುತ್ತದೆ. ಸುಮ್ಮನೆ ಸುತ್ತಿ ಬಳಸಿ, ಹಾಡು ಚೆನ್ನಾಗಿತ್ತು ಅತ್ತೆ ಎಂದೆ.

ಅತ್ತೆ ಬೆರಳು ನೆಕ್ಕಿಕೊಂಡರು. "ನಿನ್ನ ಸೀರೆ ಅಂಗಡೀಲಿ ಆರಿಸಿದ್ದು ಯಾರು ಅಂದ್ಕೊಂಡಿದೀಯ? ನಾನು. ಆ ಬಣ್ಣ ಬಂದ್ರೆ ನಂಗೆ ಗೊತ್ತಾಗಲ್ವೇನೆ?"

ಅತ್ತೆ ದನಿ ತಗ್ಗಿಸಿ ಒಂದೊಂದೇ ಹೇಳಿದರು. ಮಗ ಚಿಕ್ಕವನಿದ್ದಾಗ ಹಿತ್ತಲಿಂದ ಹಣ್ಣು ಮೆಣಸಿನಕಾಯಿ ಕಿತ್ತು ತಾ ಎಂದರೆ ಹಸಿರನ್ನೇ ತರುತ್ತಿದ್ದನಂತೆ, ಅಜ್ಜಿಯಿಂದ ಹೊಡೆಸಿಕೊಳ್ಳುತ್ತಿದ್ದನಂತೆ. ಅತ್ತೆಯ ತಮ್ಮನೊಬ್ಬ ಹಾಗೇ ಇದ್ದನಂತೆ, ಆದ್ದರಿಂದ ಅವರಿಗೆ ಕೂಡಲೇ ತಿಳಿಯಿತು. ಹಣ್ಣಾದದ್ದು ಕೈಗೆ ಮೆತ್ತಗೆ ಸಿಗುತ್ತೆ, ಹಿಚುಕಿ ನೋಡು ಮಗಾ ಎಂದು ಗುಟ್ಟಾಗಿ ಕಲಿಸಿಕೊಟ್ಟರಂತೆ. ನಮ್ಮ ನಿಶ್ಚಿತಾರ್ಥದ ದಿನ ಹೆಣ್ಣಿನ ಕಡೆಯವರಿಗೆ ಹೇಳಬೇಕೋ ಬೇಡವೋ ಎಂದು ಒದ್ದಾಡಿ, ಹೇಳದೆ ಉಳಿದರಂತೆ. ಮನೆಗೆ ಹೋದ ಮೇಲೆ ಮಗ, ಅಮ್ಮಾ ಆ ಹುಡುಗಿಯ ಸೀರೆ ಯಾವ ಬಣ್ಣ ಎಂದು ಕೇಳಿದ್ದರಂತೆ. ತಾಯಿಗೆ ಗೊತ್ತಿದೆ ಎಂದು ಮಗನಿಗೆ ಗೊತ್ತಿಲ್ಲ, ಸುಮ್ಮನೆ ಕುತೂಹಲಕ್ಕೆ ಕೇಳಿದವರಂತೆ ಕೇಳಿದರಂತೆ.

ಎಂಥ ಮನೆ ನಮ್ಮದು ನೋಡಿ. ಒಂದು ಬಚ್ಚಲು, ಮೂರು ಜನ, ನಾವಿಬ್ಬರು ಅತ್ತೆಯಿಂದ, ಅತ್ತೆ ನಮ್ಮಿಬ್ಬರಿಂದ ಒಂದೇ ಗುಟ್ಟನ್ನು ಬಚ್ಚಿಟ್ಟುಕೊಂಡು ಬಿಸಿನೀರಿಗೆ ಕಾಯುತ್ತಿದ್ದೆವು. ಅತ್ತೆ ಬಚ್ಚಲ ಹೊರಗೆ ಟವೆಲು ಹಿಡಿದು ಕೂರುತ್ತಿದ್ದುದು ಸ್ನಾನಕ್ಕಲ್ಲ. ಸೊಸೆ ಇವತ್ತೂ ಸರಿಯಾಗಿ ಕೂಗುತ್ತಾಳೋ ಇಲ್ಲವೋ ಎಂದು ಕೇಳಿಸಿಕೊಳ್ಳುವುದಕ್ಕೆ. ಆರತಿ ಹಾಡಿನ ನಮ್ಮ ಸಂಚು ಅವರ ಕಿವಿಗೆ ಬಿದ್ದದ್ದೂ ಹಾಗೆ ಕೂತಿದ್ದಾಗಲೇ ಅಂತೆ.

ನನಗೆ ಅಳು ಬಂತು. ಅದನ್ನು ಮುಚ್ಚಿಕೊಳ್ಳಲು, ಹಾಗಾದರೆ ಇವತ್ತು ನಿಮಗೆ ಹಸಿವಾಗಿರಲಿಲ್ಲವಾ ಅತ್ತೆ ಎಂದೆ.

"ಹಸಿವಾಗಿತ್ತು" ಎಂದರು ಅತ್ತೆ. "ತಡ್ಕೊಂಡೆ."

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ಬೆನ್ನಾಗುವ ಕಾಲ ನನಗೂ ಬಂದು ಬಹಳ ವರ್ಷವಾಯಿತು. ಅತ್ತೆಯೂ ಇಲ್ಲ, ನಮ್ಮನೆಯವರೂ ಇಲ್ಲ. ಈಳಿಗೆ ಇದೆ.

ಮೊನ್ನೆ ನಿಶ್ಚಿತಾರ್ಥ ಸಾಂಗವಾಗಿ ನಡೆಯಿತು. ಶಾರದಾ ಆರಿಸಿದ ಸೀರೆ ಉಟ್ಟುಕೊಂಡು ಹುಡುಗಿ ಬಂದು ಕೂತಳು. ಕಡುಹಸಿರು ಸೀರೆ, ಸಣ್ಣ ಜರಿ. ಲಕ್ಷಣವಾದ ಹುಡುಗಿ, ಕಣ್ಣು ಚುರುಕು. ಮಧು ನನ್ನ ಪಕ್ಕದಲ್ಲೇ ಕೂತಿದ್ದ. ಹೇಗೋ ಹುಡುಗಿ ಎಂದು ಮೊಣಕೈಯಲ್ಲಿ ತಿವಿದೆ. ಅವನು ನನ್ನ ಕಿವಿಯ ಹತ್ತಿರ ಬಾಗಿ, ನಾಚಿಕೊಂಡು, "ಆ ಕೆಂಪು ಸೀರೇಲಿ ಎಷ್ಟು ಚೆನ್ನಾಗಿ ಕಾಣ್ತಾಳಲ್ವಾ ಅಜ್ಜಿ" ಎಂದ.

ನಾನು ತಲೆ ಎತ್ತಿದೆ. ಎದುರಿಗೆ ಶಾರದಾ ನಿಂತಿದ್ದಳು. ಮಗನ ತುಟಿಗಳನ್ನೇ ನೋಡುತ್ತಿದ್ದವಳು ನನ್ನ ಮುಖ ನೋಡಿದಳು, ತಟ್ಟನೆ ಬೇರೆ ಕಡೆ ತಿರುಗಿ ಹೂವಿನ ತಟ್ಟೆ ಸರಿಮಾಡತೊಡಗಿದಳು. ಎಷ್ಟು ವರ್ಷಗಳಿಂದ ಗೊತ್ತಿದೆಯೋ ಪುಣ್ಯಾತ್ಗಿತ್ತಿಗೆ. ಆ ಹುಡುಗಿ ನನ್ನನ್ನು ನೋಡಿ ನಕ್ಕಳು. ಹತ್ತಿರ ಕರೆದು ಕಿವಿಯಲ್ಲಿ ಒಂದೇ ಒಂದು ಮಾತು ಹೇಳಿಬಿಡೋಣ ಎಂದು ನಾಲಿಗೆಯ ತುದಿಯವರೆಗೂ ಬಂತು.

ತಡೆದುಕೊಂಡೆ.